ಬೇಸಿಗೆಯಲ್ಲಿ ಉತ್ತರ ಕನ್ನಡ: ಹಗಲು ಹಳ್ಳದ ನೆರಳಲ್ಲಿ, ರಾತ್ರಿ ಘಟ್ಟದ ಮೇಲೆ. ಟೆಂಟ್ ತಗೊಂಡು ಕಾರಲ್ಲಿ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡಕ್ಕೆ ಬೇಸಿಗೆಯಲ್ಲಿ ಟೆಂಟ್ ಹಿಡಿದುಕೊಂಡು ಬರುವವರು ಮೊದಲು ತೀರ್ಮಾನ ಮಾಡಬೇಕಾದ್ದು ಒಂದೇ ವಿಷಯ. ರಾತ್ರಿ ಮಲಗುವುದು ಎಲ್ಲಿ? ಹೆಚ್ಚಿನವರ ತಲೆಯಲ್ಲಿ ಸಮುದ್ರದ ದಂಡೆಯೇ ಇರುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರ, ಗೋಕರ್ಣದ ಕಡೆ ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಗಾಳಿ ನಿಂತುಬಿಟ್ಟರೆ ಟೆಂಟಿನ ಒಳಗೆ ಬೆವರು ಆರುವುದೇ ಇಲ್ಲ, ಮಕ್ಕಳಿದ್ದರಂತೂ ಯಾರಿಗೂ ನಿದ್ದೆ ಇಲ್ಲ. ಅದೇ ಐವತ್ತು ಅರವತ್ತು ಕಿಲೋಮೀಟರ್ ಮೇಲೆ ಹತ್ತಿ ಶಿರಸಿಗೆ ಬನ್ನಿ. ಊರು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಹಗಲು ಇಲ್ಲೂ ಬಿಸಿಲೇ, ಆದರೆ ಕತ್ತಲಾದ ಮೇಲೆ ತಂಪು ಇಳಿಯುತ್ತದೆ, ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳಬೇಕು ಅನ್ನಿಸುತ್ತದೆ. ಆದ್ದರಿಂದ ನನ್ನ ಲೆಕ್ಕ ಹೀಗೆ: ಸಮುದ್ರ ಬೆಳಿಗ್ಗೆ ಮತ್ತು ಸಂಜೆಗೆ, ಮಧ್ಯಾಹ್ನ ಹಳ್ಳದ ನೆರಳಿಗೆ, ರಾತ್ರಿ ಘಟ್ಟದ ಮೇಲಕ್ಕೆ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಯಾವಾಗ ಬರಬೇಕು

ಮಾರ್ಚ್‌ನಿಂದ ಮೇ ಮಧ್ಯದ ತನಕ ಒಳ್ಳೆಯದು. ಏಪ್ರಿಲ್ ದಾಟಿದ ಮೇಲೆ ಘಟ್ಟದ ಮೇಲೆ ಸಂಜೆ ಹೊತ್ತು ಗುಡುಗು ಮಳೆ ಶುರುವಾಗುತ್ತದೆ. ಮೂರು ಗಂಟೆಗೆ ಮೋಡ ಕಟ್ಟಿದ್ದು ಕಂಡರೆ ಟೆಂಟ್ ಬೇಗ ಹಾಕಿ ಮುಗಿಸಿ. ಮಿಂಚು ಬರುವಾಗ ಬಯಲಿನ ಒಂಟಿ ಮರದ ಕೆಳಗೆ ನಿಲ್ಲಬಾರದು. ಟೆಂಟ್ ಕೂಡ ಮಿಂಚಿನಿಂದ ಕಾಪಾಡುವುದಿಲ್ಲ, ಮನೆಯೊಳಗೋ ಕಾರಿನೊಳಗೋ ಹೋಗಿ ಕೂರಿ. ಜೂನ್ ಮೊದಲ ವಾರಕ್ಕೆ ಮುಂಗಾರು ಬರುತ್ತದೆ, ಅಲ್ಲಿಗೆ ಈ ಪ್ರವಾಸದ ಕಾಲ ಮುಗಿಯಿತು.

ಮೇ ತಿಂಗಳಿಗೆ ಒಂದು ದೊಡ್ಡ ಲಾಭ ಇದೆ. ಮೊದಲ ಮಳೆ ಬಿದ್ದ ಮೇಲೆ ತೋಟದ ಅಂಚಿನ ಮರಗಳಲ್ಲಿ ಮಿಂಚುಹುಳಗಳು ಸಾವಿರಗಟ್ಟಲೆ ಹೊತ್ತಿಕೊಳ್ಳುತ್ತವೆ. ಅದನ್ನು ನೋಡಬೇಕಾದರೆ ಟಾರ್ಚು, ಮೊಬೈಲು ಎಲ್ಲ ಆರಿಸಿ ಸುಮ್ನೆ ಕೂರಬೇಕು.

ಇನ್ನೊಂದು ಮಾತು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುತ್ತದೆ. ಜಾತ್ರೆ ನೋಡುವುದಕ್ಕೇ ಬರುವುದಾದರೆ ಬನ್ನಿ. ಇಲ್ಲವಾದರೆ ಆ ವಾರ ಬಿಟ್ಟುಬಿಡಿ, ಊರೊಳಗೆ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ.

ಜಲಪಾತಗಳ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 116 ಮೀಟರ್ ಎತ್ತರದ ಉಂಚಳ್ಳಿ ಇರಲಿ, ಪಕ್ಕದ ಜೋಗ ಇರಲಿ, ಬೇಸಿಗೆಯ ಕೊನೆಗೆ ನೀರು ತೆಳ್ಳಗಾಗಿರುತ್ತದೆ. ಮಳೆಗಾಲದ ಫೋಟೋ ನೋಡಿಕೊಂಡು ಬಂದವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಆದರೆ ನೀರು ಇಳಿದಾಗಲೇ ಕಾಣುವ ಜಾಗಗಳೂ ಇವೆ, ಅವನ್ನು ಹಿಡಿಯಬೇಕು.

ಟೆಂಟ್ ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು

ಕಾಡು ಕಂಡಲ್ಲಿ ಕಾರು ನಿಲ್ಲಿಸಿ ಟೆಂಟ್ ಹಾಕಬಹುದು ಅಂದುಕೊಂಡಿದ್ದರೆ ಆ ಯೋಚನೆ ಈಗಲೇ ಬಿಡಿ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಉಳಿಯುವ ಹಾಗಿಲ್ಲ. ಜೋಯಿಡಾ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ, ಅಲ್ಲಿ ಹಾದುಹೋಗುವಾಗ ರಸ್ತೆ ಬದಿ ಇಳಿದು ಒಳಗೆ ನಡೆಯುವುದೂ ತಪ್ಪು. ಆ ಕಡೆ ಕಾಡಲ್ಲೇ ಮಲಗಬೇಕು ಅನ್ನುವವರಿಗೆ ಕುಳಗಿ, ಅಣಶಿಯಲ್ಲಿ ಇಲಾಖೆಯ ಪ್ರಕೃತಿ ಶಿಬಿರಗಳಿವೆ. ಮೊದಲೇ ಕಾದಿರಿಸಿಕೊಂಡು ಹೋಗಿ.

ಸಮುದ್ರದ ದಂಡೆಯಲ್ಲೂ ಹಾಗೇ. ಸ್ಥಳೀಯ ಪೊಲೀಸರು ಒಪ್ಪದೆ ಮರಳಿನ ಮೇಲೆ ಟೆಂಟ್ ಬೇಡ. ದಂಡೆಗೆ ತಾಗಿಕೊಂಡ ಖಾಸಗಿ ಜಾಗದಲ್ಲಿ ಟೆಂಟ್ ಕೊಡುವವರು ಇದ್ದಾರೆ, ಅಲ್ಲಿ ಹಾಕಬಹುದು. ಹಾಕುವ ಮೊದಲು ಮರಳಿನ ಮೇಲೆ ಕಸ ಕಡ್ಡಿ ಸಾಲಾಗಿ ಬಿದ್ದ ಗೆರೆ ಎಲ್ಲಿದೆ ನೋಡಿ. ಭರತದ (ಉಬ್ಬರದ) ನೀರು ಅಲ್ಲಿಯತನಕ ಬರುತ್ತದೆ ಎಂದು ಅರ್ಥ. ಹುಣ್ಣಿಮೆ ಅಮಾವಾಸ್ಯೆಗೆ ಅದಕ್ಕಿಂತ ಮೇಲೂ ಬರಬಹುದು. ಕಡಲಾಮೆಗಳು ಚಳಿಗಾಲದಿಂದ ಈ ದಂಡೆಗೆ ಮೊಟ್ಟೆ ಇಡಲು ಬರುತ್ತವೆ, ಬೇಸಿಗೆ ಶುರುವಾಗುವ ಹೊತ್ತಿಗೆ ಮರಿಗಳು ಹೊರಡುತ್ತವೆ. ದೀಪ, ಬೆಂಕಿ ಇದ್ದರೆ ಮರಿಗಳಿಗೆ ಸಮುದ್ರದ ದಿಕ್ಕು ತಪ್ಪುತ್ತದೆ. ಹಾಗಾಗಿ ದಂಡೆಯಲ್ಲಿ ಶಿಬಿರಾಗ್ನಿ ಅಂತೂ ಬೇಡವೇ ಬೇಡ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಘಟ್ಟದ ಮೇಲಿನ ಹಳ್ಳಿ ಮನೆಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತ ಹೋಂಸ್ಟೇ ನಡೆಸುವ ಮನೆ ಬೇಕಾದಷ್ಟಿವೆ. ಫೋನ್ ಮಾಡಿ ‘ರೂಮ್ ಬೇಡ, ಟೆಂಟ್ ನಮ್ಮದೇ ಇದೆ, ಅಂಗಳ ಅಥವಾ ಗದ್ದೆಯಲ್ಲಿ ಜಾಗ ಕೊಡ್ತೀರಾ, ಊಟ ಬಚ್ಚಲು ನಿಮ್ಮಲ್ಲೇ’ ಎಂದು ಕೇಳಿ. ಒಪ್ಪುವವರು ಇದ್ದಾರೆ. ಬೇಸಿಗೆಯಲ್ಲಿ ಭತ್ತದ ಗದ್ದೆ ಖಾಲಿ ಬಿದ್ದಿರುತ್ತದೆ. ನೆಲ ಸಮತಟ್ಟು, ಮೇಲೆ ಮರ ಇಲ್ಲ, ಮಲಗಿದರೆ ಆಕಾಶ ಪೂರ್ತಿ ಕಾಣುತ್ತದೆ.

ತೋಟದ ಒಳಗೆ ಮಾತ್ರ ಹಾಕಬೇಡಿ. ಅಡಿಕೆ ಮರದಿಂದ ಒಣಗಿದ ಸೋಗೆ ಯಾವ ಹೊತ್ತಿಗೆ ಬೇಕಾದರೂ ಬೀಳುತ್ತದೆ, ತೆಂಗಿನ ಮರವಾದರೆ ಕಾಯಿಯೇ ಬೀಳಬಹುದು. ಹಣ್ಣು ಬಿಟ್ಟ ಹಲಸಿನ ಮರದ ಕೆಳಗೂ ಬೇಡ. ಮೇಲಿನಿಂದ ಹಣ್ಣು ಬೀಳುವುದು ಒಂದಾದರೆ, ಆ ವಾಸನೆಗೆ ರಾತ್ರಿ ಹಂದಿ, ಕಾಡುಕೋಣ ಬರುವುದು ಇನ್ನೊಂದು.

ನದಿ ಪಾತ್ರದ ವಿಷಯದಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ, ಶರಾವತಿಗೆ ಲಿಂಗನಮಕ್ಕಿ ಮತ್ತು ಗೇರುಸೊಪ್ಪ. ಮಳೆಯೇ ಇಲ್ಲದ ದಿನವೂ ವಿದ್ಯುತ್ತಿಗಾಗಿ ನೀರು ಬಿಟ್ಟರೆ ಕೆಳಗೆ ಮಟ್ಟ ಏರುತ್ತದೆ, ನಡುವಿನ ಬಂಡೆಯ ಮೇಲೆ ಕೂತವರಿಗೆ ದಡಕ್ಕೆ ಬರಲು ಆಗುವುದಿಲ್ಲ. ಅಘನಾಶಿನಿಗೆ ಅಣೆಕಟ್ಟಿಲ್ಲ, ಆದರೂ ಮೇಲೆ ಗುಡುಗು ಮಳೆ ಹೊಡೆದರೆ ಹಳ್ಳ ಕೆಂಪಾಗಿ ಏರುತ್ತದೆ. ಯಾವ ನದಿಯಾದರೂ ಪಾತ್ರದಲ್ಲಿ ಮಲಗಬೇಡಿ.

ಕಾರಿನಲ್ಲಿ ಏನು ಇರಬೇಕು

ಉದ್ದ ಪಟ್ಟಿ ಬೇಕಾಗಿಲ್ಲ. ಒಳಗೆ ಪೂರ್ತಿ ಸೊಳ್ಳೆ ಬಲೆ ಇರುವ, ಮೇಲೆ ಮಳೆ ಹೊದಿಕೆ ಬೇರೆಯಾಗಿ ಹಾಕುವ ಟೆಂಟ್ ತನ್ನಿ. ಮೋಡ ಇಲ್ಲದ ರಾತ್ರಿ ಹೊದಿಕೆ ತೆಗೆದಿಟ್ಟು ಬರೀ ಬಲೆಯಲ್ಲಿ ಮಲಗಿದರೆ ಗಾಳಿ ಆಡುತ್ತದೆ. ಸ್ಲೀಪಿಂಗ್ ಬ್ಯಾಗ್ ಬೇಡ, ಹತ್ತಿಯ ಚಾದರ ಎರಡು ಸಾಕು. ನೆಲಕ್ಕೆ ದಪ್ಪ ಟಾರ್ಪಾಲು. ತಲೆಗೆ ಕಟ್ಟುವ ಟಾರ್ಚು ಒಬ್ಬರಿಗೆ ಒಂದು. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಕಾರಿನಲ್ಲಿ ಯಾವಾಗಲೂ ತುಂಬಿರಲಿ. ಸಣ್ಣ ಗ್ಯಾಸ್ ಒಲೆ ತಂದರೆ ಅದರ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಕಟ್ಟಿಗೆ ಒಟ್ಟಿ ಬೆಂಕಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಅದು ಗೊತ್ತು. ಆದರೆ ಫೆಬ್ರವರಿಯಿಂದ ಮೇ ತನಕ ಇಲ್ಲಿನ ಬೆಟ್ಟದಲ್ಲಿ ತರಗೆಲೆ ಮೊಣಕಾಲೆತ್ತರ ಬಿದ್ದಿರುತ್ತದೆ. ಒಂದು ಕಿಡಿ ಹಾರಿದರೆ ಸಾಕು. ಆ ಬೆಟ್ಟದ ಸೊಪ್ಪನ್ನೇ ತೋಟಕ್ಕೆ ಗೊಬ್ಬರ ಮಾಡಿಕೊಂಡು ಬದುಕುವ ಮನೆಗಳಿವೆ. ಅಡುಗೆ ಗ್ಯಾಸಿನಲ್ಲೇ ಮಾಡಿ, ಅದೂ ಅಂಗಳದಲ್ಲಿ.

ಫೋನಿನ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಘಟ್ಟದಲ್ಲಿ ಸಿಗ್ನಲ್ ಹೋಗುತ್ತದೆ. ಪೆಟ್ರೋಲು ಕುಮಟಾ, ಶಿರಸಿ, ಯಲ್ಲಾಪುರ, ಅಂಕೋಲಾದಲ್ಲಿ ತುಂಬಿಸಿಕೊಂಡೇ ಮುಂದೆ ಹೋಗಿ.

ಉಣ್ಣೆ (ಉಣುಗು): ಇದನ್ನು ಓದದೆ ಕಾಡಿನ ಅಂಚಿಗೆ ಹೋಗಬೇಡಿ

ಹಾವು, ಹುಲಿ ಅಂತ ಹೆದರುವವರು ಜಾಸ್ತಿ. ಬೇಸಿಗೆಯಲ್ಲಿ ನಿಜವಾಗಿ ಜಾಗ್ರತೆ ಬೇಕಾದ್ದು ಉಣ್ಣೆಯ ಬಗ್ಗೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದ ಬಗ್ಗೆ. ಮಂಗನ ಕಾಯಿಲೆಯ ವೈರಾಣು ಹರಡುವುದು ಇದರಿಂದ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು. ಸಿದ್ದಾಪುರ, ಹೊನ್ನಾವರ ಕಡೆಯೂ ಜನರನ್ನು ಬಲಿ ತೆಗೆದುಕೊಂಡಿದೆ. ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ನೀವು ಬರುವ ಕಾಲದಲ್ಲೇ, ಮರಿ ಉಣ್ಣೆಗಳು ತರಗೆಲೆಯಲ್ಲಿ ಇರುತ್ತವೆ. ಎಳ್ಳಿಗಿಂತ ಸಣ್ಣ, ಕಣ್ಣಿಗೆ ಬೇಗ ಬೀಳುವುದಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಕಾಡಿನ ಅಂಚಿಗೆ ಹೋಗುವಾಗ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ. ಬಟ್ಟೆ ತಿಳಿ ಬಣ್ಣದ್ದಿರಲಿ, ಹರಿದಾಡುವುದು ಕಾಣುತ್ತದೆ. ಕೈಕಾಲಿಗೆ ಹುಳ ಬಾರದ ಎಣ್ಣೆ ಹಚ್ಚಿಕೊಳ್ಳಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಹಂಚುತ್ತಾರೆ, ಅಲ್ಲಿನವರನ್ನು ವಿಚಾರಿಸಿ. ತರಗೆಲೆಯ ಮೇಲೆ ಸೀದಾ ಕೂರಬೇಡಿ, ಮಲಗಬೇಡಿ, ಬಟ್ಟೆ ಒಣಗಿಸಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಮಕ್ಕಳ ಕಿವಿ ಹಿಂದೆ, ಕಂಕುಳು, ಸೊಂಟ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಕುಟ್ಟಿ ಒಡೆಯಬೇಡಿ, ಬೆಂಕಿ ತಾಗಿಸಬೇಡಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ, ಆ ಜಾಗದಿಂದ ಹೊರಡಿ. ಅಲ್ಲಿ ಸೋಂಕಿನ ಉಣ್ಣೆ ಉದುರಿರುವ ಸಾಧ್ಯತೆ ಹೆಚ್ಚು.

ಹೋಂಸ್ಟೇಗೆ ಫೋನ್ ಮಾಡಿದಾಗಲೇ ‘ಈ ವರ್ಷ ನಿಮ್ಮ ಕಡೆ ಮಂಗನ ಕಾಯಿಲೆ ಇದೆಯಾ’ ಎಂದು ನೇರ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದೆ ಅಂದರೆ ಆ ಊರು ಬಿಟ್ಟು ಬೇರೆ ನೋಡಿ.

ದಾರಿ: ಕಾರವಾರದಿಂದ ಹೊರಟು ಒಂದು ಸುತ್ತು

ಮೂರು ರಾತ್ರಿ, ನಾಲ್ಕು ಹಗಲು ಇದ್ದರೆ ಆರಾಮವಾಗಿ ಆಗುವ ದಾರಿ ಹೇಳುತ್ತೇನೆ. ಕಾರವಾರ, ಅಂಕೋಲಾ, ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ, ಆಮೇಲೆ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಮತ್ತೆ ಅಂಕೋಲಾ. ಹುಬ್ಬಳ್ಳಿ ಕಡೆಯಿಂದ ಬರುವವರು ಯಲ್ಲಾಪುರದಿಂದ ಶುರು ಮಾಡಿ ಇದೇ ಸುತ್ತು ಹೊಡೆಯಬಹುದು.

ಮೊದಲ ದಿನ ಬೆಳಕು ಹರಿಯುವಾಗಲೇ ಕಾರವಾರದ ಉತ್ತರಕ್ಕೆ ಮಾಜಾಳಿಗೆ ಹೋಗಿ. ಅಲ್ಲಿಂದ ಗುಡ್ಡ ದಾಟಿ ನಡೆದರೆ ತಿಳಮಾತಿ ದಂಡೆ, ಮರಳೆಲ್ಲ ಎಳ್ಳು ಹರವಿದ ಹಾಗೆ ಕಪ್ಪು. ಬಿಸಿಲು ಏರಿದ ಮೇಲೆ ಆ ಮರಳಲ್ಲಿ ಕಾಲಿಡಲು ಆಗುವುದಿಲ್ಲ, ಅದಕ್ಕೇ ಬೆಳಿಗ್ಗೆ. ಕಾರವಾರ ಪೇಟೆಯ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ 1883ರಲ್ಲಿ ಅವರು ಇಲ್ಲಿ ಬಂದು ಉಳಿದಿದ್ದರು. ದಕ್ಷಿಣಕ್ಕೆ ಹೊರಟರೆ ಅರಗಾದಲ್ಲಿ ನೌಕಾನೆಲೆ ಸಿಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ.

ಅಂಕೋಲಾದಲ್ಲಿ ಮೇ ತಿಂಗಳಾದರೆ ಕರಿ ಇಶಾಡು ಮಾವಿನಹಣ್ಣು ಕೇಳಿ. 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಹಣ್ಣು. ಸಿಪ್ಪೆ ತೆಳ್ಳಗೆ, ರಸ ಜಾಸ್ತಿ, ದೂರ ಸಾಗಿಸಿದರೆ ಕೆಡುತ್ತದೆ. ಹಾಗಾಗಿ ಇಲ್ಲೇ ತಿನ್ನಬೇಕು.

ಮುಂದೆ ಗೋಕರ್ಣದ ಕಡೆ ತಿರುಗಿದರೆ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಉಪ್ಪು ತೆಗೆಯುವುದು ಬೇಸಿಗೆಯಲ್ಲೇ, ಬೆಳಿಗ್ಗೆ ಹೋದರೆ ಗುಡ್ಡೆ ಹಾಕುವುದು ಕಾಣುತ್ತದೆ. ಬದುವಿನ ಮೇಲೆ ನಿಂತು ನೋಡಿ, ಮಡಿಯೊಳಗೆ ಕಾಲಿಡಬೇಡಿ, ಅದು ಜನ ತಿನ್ನುವ ಉಪ್ಪು. ಹತ್ತಿರದ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಜೌಗು ಪ್ರದೇಶದ ಮಾನ್ಯತೆ ಸಿಕ್ಕಿದೆ. ನೀರು ಇಳಿದ ಹೊತ್ತಿಗೆ ಹೆಂಗಸರು ಸೊಂಟದ ನೀರಲ್ಲಿ ನಿಂತು ಬೆಳಚು (ತಿನ್ನುವ ಚಿಪ್ಪುಮೀನು) ಆರಿಸುತ್ತಿರುತ್ತಾರೆ. ಇಂಥ ಜಾಗದಲ್ಲಿ ಅರ್ಧ ಗಂಟೆ ಸುಮ್ನೆ ನಿಲ್ಲುವುದು ನಾಲ್ಕು ಬೀಚ್ ಓಡಾಡುವುದಕ್ಕಿಂತ ಮೇಲು ಅಂತ ನನ್ನ ಅಭಿಪ್ರಾಯ.

ಸಮುದ್ರಕ್ಕೆ ಇಳಿಯುವವರು ಜೀವರಕ್ಷಕರು ಇರುವಲ್ಲೇ ಇಳಿಯಿರಿ. ಬಂಡೆಗಳ ನಡುವೆ, ಅಲೆ ಒಡೆಯದೆ ನೀರು ಸಮಾಧಾನವಾಗಿ ಕಾಣುವ ಕಡೆಯೇ ಸೆಳೆತ ಇರುವುದು. ಸೆಳೆತಕ್ಕೆ ಸಿಕ್ಕಿದರೆ ದಡಕ್ಕೆ ಎದುರಾಗಿ ಹೋರಾಡದೆ ಪಕ್ಕಕ್ಕೆ ಈಜಿ. ಮೇ ಕೊನೆಗೆ ಕಡಲು ಏಳುತ್ತದೆ, ಆಗ ಇಳಿಯುವುದೇ ಬೇಡ.

ಮಿರ್ಜಾನ ಕೋಟೆ ದಾರಿಯಲ್ಲೇ ಇದೆ. ಮಳೆಗಾಲದ ಹಸಿರು ಇರುವುದಿಲ್ಲ, ಕೆಂಪು ಜಂಬಿಟ್ಟಿಗೆ ಗೋಡೆ, ಬುರುಜು ನೋಡಿ ಹೊರಡಿ. ಅಲ್ಲಿಂದ ಕುಮಟಾ ತನಕ, ಹಂದಿಗೋಣ, ಅಳ್ವೆಕೋಡಿ ಸುತ್ತ, ಏಪ್ರಿಲ್–ಮೇನಲ್ಲಿ ಹೆದ್ದಾರಿ ಬದಿ ಸಿಹಿ ಈರುಳ್ಳಿ ಗೊಂಚಲು ಕಟ್ಟಿ ತೂಗುಹಾಕಿರುತ್ತಾರೆ. ಒಂದು ಗೊಂಚಲು ತಗೊಂಡು ಕಾರಿನಲ್ಲಿ ಗಾಳಿ ಆಡುವ ಕಡೆ ನೇತುಹಾಕಿ, ಚೀಲದಲ್ಲಿ ಕಟ್ಟಿಟ್ಟರೆ ಕೊಳೆಯುತ್ತದೆ. ಹಸಿ ಈರುಳ್ಳಿ, ಮೊಸರು, ಅವಲಕ್ಕಿ, ಉಪ್ಪು, ಒಂದು ಹಸಿಮೆಣಸು. ರಾತ್ರಿ ಊಟಕ್ಕೆ ಒಲೆ ಹೊತ್ತಿಸುವುದೇ ಬೇಡ.

ಕುಮಟಾದಿಂದ ಕತಗಾಲ ದಾಟಿದರೆ ಘಟ್ಟ ಶುರು. ಈ ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ಕೆಲವೊಮ್ಮೆ ಮುಚ್ಚಿದ್ದಿದೆ, ಹೊರಡುವ ದಿನ ಕುಮಟಾದಲ್ಲೇ ವಿಚಾರಿಸಿ. ಮುಚ್ಚಿದ್ದರೆ ದೊಡ್ಮನೆ ಘಟ್ಟದ ಮೇಲೆ ಸಿದ್ದಾಪುರಕ್ಕೆ ಹೋಗಿ ಶಿರಸಿ ಸೇರಬಹುದು. ಸಂಜೆ ಬೆಳಕಿದ್ದಾಗಲೇ ಮೇಲೆ ತಲುಪಿ. ಮೇಲೆ ಹತ್ತುವ ಗಾಡಿಗೆ ದಾರಿ ಬಿಡುವುದು ಘಟ್ಟದ ರೂಢಿ, ಮರೆಯಬೇಡಿ.

ಯಾಣಕ್ಕೆ ಇದೇ ರಸ್ತೆಯಿಂದ ಒಳಗೆ ತಿರುಗಬೇಕು. ಮೊದಲ ದಿನ ಹೊತ್ತು ಸಾಲದಿದ್ದರೆ ಎರಡನೇ ದಿನ ಶಿರಸಿಯಿಂದ ಬೆಳಿಗ್ಗೆ ಬನ್ನಿ. ಕಪ್ಪು ಸುಣ್ಣಕಲ್ಲಿನ ಎರಡು ಶಿಖರ, ಭೈರವೇಶ್ವರ ಸುಮಾರು 120 ಮೀಟರ್, ಮೋಹಿನಿ ಸುಮಾರು 90. ಮೇಲೆ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕೂಗಾಟ, ಜೋರು ಸೆಂಟು ಬೇಡ. ಹತ್ತಿರದ ವಿಭೂತಿ ಜಲಪಾತದಲ್ಲಿ ಬೇಸಿಗೆಯಲ್ಲೂ ಸ್ವಲ್ಪ ನೀರಿರುತ್ತದೆ, ಮಧ್ಯಾಹ್ನ ಕಳೆಯಲು ಒಳ್ಳೆಯ ನೆರಳು.

ಬೇಸಿಗೆಯದ್ದೇ ಜಾಗ ಅಂದರೆ ಸಹಸ್ರಲಿಂಗ. ಶಿರಸಿ–ಯಲ್ಲಾಪುರ ರಸ್ತೆಯಿಂದ ಒಳಗೆ, ಶಾಲ್ಮಲಾ ನದಿಯ ಬಂಡೆಗಳ ಮೇಲೆಲ್ಲ ಶಿವಲಿಂಗ, ಬಸವ ಕೆತ್ತಿದ್ದಾರೆ. ಸೋದೆಯ ಅರಸ ಸದಾಶಿವರಾಯನ ಕಾಲದ್ದು ಎನ್ನುತ್ತಾರೆ. ಮಳೆಗಾಲದಲ್ಲಿ ಎಲ್ಲ ನೀರಿನಡಿ. ಈಗ ಒಂದೊಂದೇ ಬಂಡೆ ದಾಟಿ ನೋಡಬಹುದು. ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಬಂಡೆ ಕಾದ ಮೇಲೆ ಬರಿಗಾಲಲ್ಲಿ ಆಗುವುದಿಲ್ಲ. ಲಿಂಗಗಳ ಮೇಲೆ ಕಾಲಿಡದಂತೆ ಮಕ್ಕಳಿಗೆ ಮೊದಲೇ ಹೇಳಿ. ಅಲ್ಲಿಂದ ಸೋದೆಯ ವಾದಿರಾಜ ಮಠ ಹತ್ತಿರ. ಸಂಜೆ ಇನ್ನೊಂದು ದಿಕ್ಕಿಗೆ ಬನವಾಸಿ, ಕದಂಬರ ರಾಜಧಾನಿ, ವರದಾ ದಂಡೆಯ ಮಧುಕೇಶ್ವರ.

ಮೂರನೇ ದಿನ ಯಲ್ಲಾಪುರ. ಮಾಗೋಡಿನಲ್ಲಿ ಬೇಡ್ತಿ ನದಿ ಸುಮಾರು 200 ಮೀಟರ್ ಬೀಳುತ್ತದೆ, ನೀರು ಕಡಿಮೆ ಇದ್ದರೂ ಕಣಿವೆ ನೋಡುವಂಥದ್ದು. ಜೇನುಕಲ್ಲು ಗುಡ್ಡದಿಂದ ಸೂರ್ಯ ಮುಳುಗುವುದು ನೋಡಿ. ದಾರಿಯಲ್ಲಿ ಕವಡಿಕೆರೆ ಸಿಗುತ್ತದೆ, ನೆರಳಲ್ಲಿ ಬುತ್ತಿ ಬಿಚ್ಚಲು ಸರಿಯಾದ ಜಾಗ. ದೊಡ್ಡ ಮರಗಳ ಕಡೆ ಕಿವಿ ಇಡಿ. ಬೇಸಿಗೆಯಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಹೆಣ್ಣು ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ, ಗಂಡು ಹಣ್ಣು ತಂದು ಕೊಡುತ್ತದೆ. ಗೂಡು ಕಂಡರೆ ದೂರವೇ ನಿಲ್ಲಿ. ನಾವು ಕೆಳಗೆ ನಿಂತಷ್ಟು ಹೊತ್ತು ಗಂಡು ಹತ್ತಿರ ಬರುವುದಿಲ್ಲ, ಒಳಗಿರುವವಕ್ಕೆ ಊಟ ತಪ್ಪುತ್ತದೆ.

ಮನೆಯವರ ಜೊತೆ, ನೀರಿನ ಜೊತೆ

ಹಳ್ಳಿ ಮನೆಗೆ ಹೋದ ಕೂಡಲೇ ‘ಆಸರಿಗೆ ಏನು ಕೊಡಲಿ’ ಎಂದು ಕೇಳುತ್ತಾರೆ. ಮುರುಗಲು ಪಾನಕವೋ ಮಜ್ಜಿಗೆಯೋ, ಏನು ಕೊಟ್ಟರೂ ಕೂತು ಕುಡಿಯಿರಿ, ಟೆಂಟ್ ಆಮೇಲೆ. ಹಿರಿಯರನ್ನು ಹೆಗಡೇರೇ, ಭಟ್ರೇ, ನಾಯ್ಕರೇ ಎಂದೋ, ಹೆಸರು ಗೊತ್ತಿಲ್ಲದಿದ್ದರೆ ಅಮ್ಮಾ, ಅಕ್ಕಾ ಎಂದೋ ಮಾತಾಡಿಸಿ. ಮಾಂಸದ ಅಡುಗೆ, ಕುಡಿತ ಇದೆಲ್ಲ ಅನೇಕ ಮನೆಗಳಲ್ಲಿ ಆಗುವುದಿಲ್ಲ, ಕೇಳಿಕೊಂಡೇ ಜಾಗ ಗೊತ್ತುಮಾಡಿ. ಊಟಕ್ಕೆ ಅಪ್ಪೆಹುಳಿ, ತಂಬುಳಿ ಬಡಿಸಿದರೆ ಅದೇ ಬೇಸಿಗೆಯ ಔಷಧಿ ಅಂದುಕೊಳ್ಳಿ.

ನೀರಿನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಮಲೆನಾಡು ಅಂದರೆ ನೀರಿಗೆ ಬರ ಇಲ್ಲ ಅಂತ ಹೊರಗಿನವರು ತಿಳಿದಿರುತ್ತಾರೆ. ಏಪ್ರಿಲ್ ಕೊನೆಗೆ ಅನೇಕ ಬಾವಿಗಳ ನೀರು ತಳಕ್ಕೆ ಹೋಗಿರುತ್ತದೆ. ಬಚ್ಚಲಲ್ಲಿ ಹಂಡೆಗಟ್ಟಲೆ ಸುರಿದುಕೊಳ್ಳುವ ಮೊದಲು ಎಷ್ಟಿದೆ ಎಂದು ಕೇಳಿ. ಗುಡ್ಡದ ಹಳ್ಳದಿಂದ ಪೈಪು ಹಾಕಿ ಮನೆಗೆ ತಂದುಕೊಳ್ಳುವ ಅಬ್ಬಿ ನೀರೇ ಎಷ್ಟೋ ಮನೆಗಳಿಗೆ ಕುಡಿಯುವ ನೀರು. ನೀವು ಆಡುವ ಹಳ್ಳದ ಕೆಳಗೆ ಅಂಥ ಮನೆ ಇರುತ್ತದೆ. ಸೋಪು, ಶಾಂಪೂ, ಪಾತ್ರೆ ತಿಕ್ಕುವ ಪುಡಿ ಹಳ್ಳಕ್ಕೆ ಹಾಕಬೇಡಿ. ಬಯಲು ಕಡೆಗೆ ಹೋಗಲೇಬೇಕಾದರೆ ನೀರಿನಿಂದ ನೂರು ಹೆಜ್ಜೆ ದೂರ, ಗುಂಡಿ ತೋಡಿ, ಮಣ್ಣು ಮುಚ್ಚಿ. ಡಯಾಪರು, ಪ್ಯಾಡು, ಬಾಟಲಿ, ಚಿಪ್ಸ್ ಪೊಟ್ಟಣ ಎಲ್ಲ ಒಂದು ಚೀಲದಲ್ಲಿ ಕಟ್ಟಿ ಪೇಟೆಯ ತನಕ ಒಯ್ಯಿರಿ. ಹಳ್ಳಿ ಮನೆಯವರಿಗೆ ಅದನ್ನು ಸುಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಇಳಿಯುವಾಗ ಮತ್ತು ಮನೆಗೆ ಬಂದ ಮೇಲೆ

ಕೊನೆಯ ದಿನ ಅರಬೈಲು ಘಟ್ಟವನ್ನು ಬೆಳಿಗ್ಗೆ ಬೇಗ ಇಳಿಯಿರಿ, ಲಾರಿಗಳ ಸಾಲು ಜಾಸ್ತಿ ಇರುವ ರಸ್ತೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯಲಿ. ಬ್ರೇಕ್ ಒತ್ತಿ ಹಿಡಿದುಕೊಂಡೇ ಇಳಿದರೆ ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ಚಕ್ರಕ್ಕೆ ನೀರು ಸುರಿಯಬೇಡಿ.

ನಿಲ್ಲಿಸುವಾಗ ಕಡಿದ ಗುಡ್ಡದ ಬುಡ ಬೇಡ, ಮಳೆ ಬಂದಿದ್ದರಂತೂ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ಗಾಡಿಗಳ ಸಮೇತ ಜನ ಹೋದರು. ಅದು ದೊಡ್ಡ ಮಳೆಯ ಕಾಲ ನಿಜ, ಆದರೆ ಕಡಿದ ಗುಡ್ಡಗಳು ಈಗಲೂ ರಸ್ತೆ ಬದಿಯಲ್ಲೇ ನಿಂತಿವೆ. ತುರ್ತು ಇದ್ದರೆ 112, ಆಂಬುಲೆನ್ಸ್‌ಗೆ 108.

ಮನೆಗೆ ಬಂದ ದಿನವೇ ಟೆಂಟ್ ಬಿಚ್ಚಿ ಬಿಸಿಲಿಗೆ ಹಾಕಿ, ಬಟ್ಟೆಯೆಲ್ಲ ಬಿಸಿನೀರಲ್ಲಿ ಒಗೆಯಿರಿ. ಮಂಗನ ಕಾಯಿಲೆ ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಅಷ್ಟರೊಳಗೆ ಯಾರಿಗಾದರೂ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ. ವೈದ್ಯರ ಹತ್ತಿರ ಹೋಗಿ, ಯಾವ ತಾಲೂಕಿನ ಯಾವ ಊರಿನ ಕಾಡಿನ ಅಂಚಿನಲ್ಲಿ ಯಾವ ದಿನ ಉಳಿದಿದ್ದಿರಿ ಎಂದು ಅವರು ಕೇಳುವ ಮೊದಲೇ ಹೇಳಿ.